ತೂಬಿಗೆ ಕಿವಿ ಹಚ್ಚಿದವನು

ಹೊಸಪೇಟೆಯ ಹೈಸ್ಕೂಲಿನ ಕಮಲಾಕರ ಮೇಷ್ಟ್ರು ನಾಲ್ಕು ನೋಟುಪುಸ್ತಕಗಳನ್ನು ಓದಿ ಮುಗಿಸಿ ಒಂದರ ಮೇಲೊಂದು ಇಟ್ಟರು. ನಾಲ್ಕೂ ಒಂದೇ ಸಾಲಿನಿಂದ ಶುರುವಾಗಿದ್ದವು. ಬುಕ್ಕಸಾಗರದ ಹಳೆಯ ಕಾಲುವೆಯ ಬಗ್ಗೆ ಶೋಧಿಸಿ ಬರೆಯಿರಿ ಎಂದಿದ್ದರೆ, ಹುಡುಗರು ನೀರಾವರಿ ಕಚೇರಿಯ ಒಂದು ಪುಸ್ತಕವನ್ನು ಹಂಚಿಕೊಂಡು ನಕಲು ಇಳಿಸಿಕೊಂಡು ಬಂದಿದ್ದರು.

“ಪ್ರಭಂಜನ, ಇದರಾಗ ನಿನಗ ಗೊತ್ತಿರದಿದ್ದದ್ದು ಯಾವುದಪ್ಪಾ?”

“ಅಚ್ಚಾದದ್ದು ತಪ್ಪಿರತದೇನು ಸಾರ್?”

“ತಪ್ಪು ಅನ್ನಲಿಲ್ಲೋ. ಉತ್ತರ ತಂದೀ, ಪ್ರಶ್ನಿ ಎಲ್ಲದ? ಗೊತ್ತಿಲ್ಲದ್ದನ್ನ ಮೊದಲು ಬರಿ. ಆಮ್ಯಾಲೆ ಅದು ಯಾರಿಗೆ ಗೊತ್ತಿದ್ದೀತು ಅಂತ ಹುಡುಕು.”

ಪ್ರಭಂಜನ ಬಹಳ ಹೊತ್ತು ಪೆನ್ಸಿಲು ಕಚ್ಚಿ ಕುಳಿತು ಒಂದು ಸಾಲು ಬರೆದ: ‘ನೆಲದಡಿಯ ತೂಬಿನಲ್ಲಿ ಕಸ ಕಟ್ಟಿದರೆ ಎಲ್ಲಿ ಅಗೆಯಬೇಕೆಂದು ಹೇಗೆ ತಿಳಿಯುತ್ತದೆ?’

ಇಪ್ಪತ್ತು ವರ್ಷದ ಹಿಂದೆ ಮೇಷ್ಟ್ರೂ ಬುಕ್ಕಸಾಗರದಲ್ಲಿ ಇದನ್ನೇ ಕೇಳಿದ್ದರು.

“ಗುಡಿ ಆಚಾರ್ರನ್ನ ಕೇಳಲೇನು ಸಾರ್?”

“ಆಚಾರ್ರು ಯಾವತ್ತು ತೂಬಿಗಿಳಿದಿದ್ರೋ? ನೀರುಗಂಟಿ ಮನ್ಯಾಗ ಕೇಳಬೇಕು.”

“ಆ ಕೇರಿಗೇ? ನಮ್ಮಜ್ಜಿಗೆ ತಿಳಿದರ ಒಳಗ ಬಿಟ್ಟುಕೊಳ್ಳಂಗಿಲ್ಲ.”

“ಬರ್ತಾ ಹೊಳ್ಯಾಗ ಮುಳುಗಿ ಬಾ. ಅದಕ್ಕೇನು ಬರ ಬಂದದ?”

ಉಳಿದವರು ನಕ್ಕರು. ಹಾಗೆಂದ ಮೇಷ್ಟ್ರು ಮಾತ್ರ ನಗಲಿಲ್ಲ. ಕಾಲುವೆ ಕಾಯ್ದು ಹೊಲಗಳಿಗೆ ನೀರು ಬಿಡುತ್ತಿದ್ದ ಅಲ್ಲಿನ ನೀರುಗಂಟಿ ಹುಲುಗಪ್ಪ ತೂಬಿನ ಮೇಲೆ ಹಾಸಿದ ಕಲ್ಲಿಗೆ ಕಿವಿ ಹಚ್ಚಿ, ಒಳಗೆ ಹರಿಯುವ ನೀರಿನ ಸದ್ದಿನಿಂದಲೇ ಕಸ ಕಟ್ಟಿದ ಜಾಗ ಹೇಳುತ್ತಿದ್ದ. ಅದನ್ನು ಕುರಿತು ಮೇಷ್ಟ್ರು ಬರೆದ ಲೇಖನ ಬಳ್ಳಾರಿಯ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಮದರಾಸಿಗೆ ಹೋಗಿ ಹಳೆಯ ದಾಖಲೆ ನೋಡಬೇಕು, ಹೀಗೇ ಹತ್ತಾರು ಕಾಲುವೆಗಳ ಬೆನ್ನು ಹತ್ತಬೇಕು ಎಂದು ಆಗ ಎಷ್ಟು ಆಸೆಯಿತ್ತು! ಆದರೆ ಪತ್ರಿಕೆಯ ಒಂದು ಪ್ರತಿಯನ್ನು ಶಾನುಭೋಗರ ಕೈಯಲ್ಲಿ ಹುಲುಗಪ್ಪನಿಗೆ ಕಳಿಸಿದ ಮೇಲೆ ಮೇಷ್ಟ್ರು ಆ ಊರಿನ ದಾರಿ ಹಿಡಿಯಲಿಲ್ಲ. ಮುಂದೆ ಒಂದು ಸಾಲನ್ನೂ ಬರೆಯಲಿಲ್ಲ.

ಭಾನುವಾರ ಮೇಷ್ಟ್ರು ಪ್ರಭಂಜನನನ್ನು ಕರೆದುಕೊಂಡು, ದಾರಿಯಲ್ಲಿ ಹುಲುಗಪ್ಪನ ಹೆಸರಷ್ಟೇ ಹೇಳಿ, ಬುಕ್ಕಸಾಗರಕ್ಕೆ ಹೋದರು. ಹುಲುಗಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಹೆಂಡತಿ ಭರಮಮ್ಮ ಮೇಷ್ಟ್ರ ಗುರುತು ಹಿಡಿದಳು.

“ಬರ್ರಿ ಮೇಷ್ಟ್ರ. ಕೂದಲು ಹಣ್ಣಾದ ಮ್ಯಾಲೆ ದಾರಿ ನೆಪ್ಪಾತೇನ್ರಿ?”

ಅವಳು ಒಳಗೆ ಹೋಗಿ ಅರಿವೆಯ ಗಂಟೊಂದನ್ನು ತಂದಳು. ಗಂಟಿನಲ್ಲಿ ಅದೇ ಪತ್ರಿಕೆ ಇತ್ತು.

“ಇದರಾಗ ತನ್ನ ಹೆಸರೈತಿ ಅಂತ ನಮ್ಮಾತ ಸಾಯೋತನಕ ಹೇಳ್ತಿದ್ದ. ಗಂಡನ ಹೆಸರು ನನ್ನ ಬಾಯಾಗ ಬರಬಾರದು. ಅವನು ಹೋದಮ್ಯಾಲೆ ಕೂಗಿ ಕರಿಯಾರೂ ಇಲ್ಲ. ಕಿವಿಗೆ ಬಿದ್ದು ಭಾಳ ದಿನ ಆತು. ಒಂದೀಟು ಓದಿ ಹೇಳು ತಮ್ಮಾ.”

“ಇಷ್ಟು ದಿನ ಯಾರೂ ಓದಿ ಹೇಳಲಿಲ್ಲೇನಮ್ಮ?” ಎಂದ ಪ್ರಭಂಜನ.

“ಓದಿದಾರು ನಮ್ಮ ಕೇರಿಗೆ ಯಾವಾಗ ಬಂದಾರ?”

ಹುಡುಗ ಹಾಳೆ ತಿರುವಿದ. ಅವನ ಬೆರಳು ಎರಡು ಸಲ ಮೇಲೆ ಕೆಳಗೆ ಓಡಿ, ‘ತಿಳಿದವರು ಹೇಳುವಂತೆ’ ಎಂಬಲ್ಲಿ ನಿಂತಿತು. ಅವನು ಮೇಷ್ಟ್ರ ಮುಖ ನೋಡಿದ. ಹೆಸರು ಇದೆ ಎಂದುಬಿಡಲು ಅವನ ತುಟಿ ಸಿದ್ಧವಾಗಿತ್ತು.

“ಇಲ್ಲಮ್ಮ,” ಎಂದರು ಮೇಷ್ಟ್ರು. “ಹೆಸರಿಲ್ಲ. ನೀರುಗಂಟಿ ಹೆಸರು ಹಾಕಿದರ ದೊಡ್ಡವರು ಓದಂಗಿಲ್ಲ ಅಂತ ಪತ್ರಿಕೆಯವರು ಅಂದ್ರು. ನಾನೂ ಹೂಂ ಅಂದೆ.”

ಭರಮಮ್ಮ ಅರಿವೆಯ ಸುಕ್ಕನ್ನು ಅಂಗೈಯಿಂದ ಸವರುತ್ತ ಕುಳಿತಳು.

“ದೀಪದ ಗೂಡಿನಾಗ ಇಟ್ಟಿದ್ದೆ,” ಎಂದಳು ಕೊನೆಗೆ. ಮತ್ತೆ ಹುಡುಗನ ಕಡೆ ತಿರುಗಿ, “ನೀನೇನು ಕೇಳಾಕ ಬಂದೀ?”

ಅವನು ತನ್ನ ಸಾಲನ್ನು ಓದಿದ. ಅವಳು ಎದ್ದು ಕಾಲುವೆಗೆ ಕರೆದೊಯ್ದಳು.

“ಹಂಗ ದೂರ ನಿಂತರ ತಿಳಿಯಂಗಿಲ್ಲಲೇ. ಮಣಕಾಲೂರು. ಕಿವಿ ಹಚ್ಚು.”

ಪ್ರಭಂಜನ ಮಂಡಿಯೂರಿದ. ಒಂದು ಕಲ್ಲು, ಇನ್ನೊಂದು ಕಲ್ಲು, ಮತ್ತೊಂದು.

“ಇಲ್ಲಿ ಸದ್ದು ಸಣ್ಣಗಾತಮ್ಮಾ!”

“ಅಲ್ಲೇ ಕಸ ಕಟ್ಟೈತಿ. ನಮ್ಮಾತ ಹಿಂಗ ಹಿಗ್ಗುತಿದ್ದ.”

ಹುಡುಗ ನೋಟುಪುಸ್ತಕ ತೆರೆದ. ಪ್ರಶ್ನೆಯ ಕೆಳಗೆ, ಉತ್ತರಕ್ಕಿಂತ ಮೊದಲು, ಯಾರೂ ಹೇಳದೆಯೇ ಬರೆದ: ‘ತಿಳಿದಿದ್ದವರು ನೀರುಗಂಟಿ ಹುಲುಗಪ್ಪ. ಹೇಳಿಕೊಟ್ಟವರು ಭರಮಮ್ಮ.’

ಮೇಷ್ಟ್ರು ಅವನ ಪೆನ್ಸಿಲು ಕೇಳಿ ತೆಗೆದುಕೊಂಡರು. ಹುಡುಗ ಜೊತೆಗೇ ತಂದಿದ್ದ ಪತ್ರಿಕೆಯ ಹಳದಿಗಟ್ಟಿದ ಹಾಳೆಯಲ್ಲಿ ‘ತಿಳಿದವರು’ ಎಂಬುದನ್ನು ಹೊಡೆದು, ಅದರ ಮೇಲೆ ನಿಧಾನವಾಗಿ ಬರೆದು ಅವಳ ಕೈಗೆ ಕೊಟ್ಟರು. ಭರಮಮ್ಮ ಬೆರಳಿಟ್ಟು ನೋಡಿದಳು.

“ಇದೇನ್ರಿ?”

“ಇದೇ.”

“ಓದ್ರಿ.”

“ಹುಲುಗಪ್ಪ.”

ಅವಳು ಕಣ್ಣು ಮುಚ್ಚಿದಳು.

“ಇನ್ನೊಮ್ಮೆ ಓದ್ರಿ, ಮೇಷ್ಟ್ರ.”