ಎರಡು ಬುರುಡೆಗಳ ನಡುವೆ

ಸೋರೆಬುರುಡೆಗಳು ಎರಡೂ ಬಿಸಿಲು ಬಿದ್ದ ಕಡೆಗೇ ವಾಲುತ್ತಿವೆ, ಗಾಳಿ ಇಲ್ಲ, ಹಾಗಾದರೆ ಕೆಳಗೆ ಇವರು ಕಾಲು ಆಡಿಸುತ್ತಿರಬೇಕು, ಆಡಿಸಲಿ, ಕಾಲು ಆಡುತ್ತಿರುವವರೆಗೆ ನನಗೆ ಭಯವಿಲ್ಲ — ಉಸಿರು ಕಟ್ಟಿದ್ದೇನೆ ತಾನೆ, ಕಟ್ಟಿದ್ದೇನೆ, ಇವರ ತಲೆ ನೀರೊಳಗೆ ಹೋದ ಗಳಿಗೆಯಿಂದ ನನ್ನ ಬಾಯಿ ಮೂಗು ಎರಡೂ ಬಂದ್, ಬಾವಿಯ ಕೊನೆಯ ಮೆಟ್ಟಿಲ ಮೇಲೆ ಸೊಂಟದವರೆಗೆ ನೀರಲ್ಲಿ ನಿಂತಿದ್ದೇನೆ, ಸೀರೆಗೆ ಕಚ್ಚೆ ಹಾಕಿ, ಅಂಗೈಯಲ್ಲಿ ಕತ್ತಾಳೆ ಹಗ್ಗ, ಹಗ್ಗದ ಆ ತುದಿಯಲ್ಲಿ ನನ್ನ ಗಂಡ, ಚಿನ್ನದ ಗಣಿಯ, ಚಾಂಪಿಯನ್ ರೀಫ್ಸಿನ ಆರುಮುಗಂ, ಶಾಫ್ಟಿನ ಬಾಯಲ್ಲಿ ನಿಂತು ಬೆಲ್ಲು ಹೊಡೆಯುವ ಆರುಮುಗಂ, ಅವರ ಬೆಲ್ಲಿಲ್ಲದೆ ಒಂದು ನರಪಿಳ್ಳೆಯೂ ಗಣಿಯೊಳಗೆ ಇಳಿಯುವಂತಿಲ್ಲ, ಏರುವಂತಿಲ್ಲ, ಅಂಥವರು ಈಗ ಗುಂಡುಕಲ್ಲೊಂದನ್ನು ಎದೆಗೆ ಅವಚಿಕೊಂಡು ನನ್ನ ತವರಿನ ಬಾವಿಯ ತಳ ಮುಟ್ಟಿ ಬರಲು ಹೋಗಿದ್ದಾರೆ, ನನ್ನನ್ನು ನಂಬಿ. ಕಲ್ಲು ನಾನೇ ಆರಿಸಿ ಕೊಟ್ಟದ್ದು, ನಡುವಿಗೆ ಗಂಟು ನಾನೇ ಹಾಕಿದ್ದು, ಎಳೆದರೆ ಬಿಗಿಯದ ಗಂಟು, ಅಪ್ಪ ಕಲಿಸಿದ್ದು, ಮೇಲೆ ಬಂದ ಕೂಡಲೆ ಹಿಡಿದುಕೊಳ್ಳಲಿ ಎಂದು ಸೋರೆಬುರುಡೆ ಎರಡನ್ನೂ ಜೋಡಿ ಕಟ್ಟಿ ತೇಲಿಬಿಟ್ಟವಳೂ ನಾನೇ. ಹಗ್ಗ ಮೆಲ್ಲಗೆ ಇಳಿಯುತ್ತಿದೆ. ಬೇಸಿಗೆ, ನೀರು ಎರಡಾಳು ಮಾತ್ರ, ಎರಡಾಳು ನೀರು ನನಗೆ ಹಿತ್ತಲು ಇದ್ದ ಹಾಗೆ, ಆದರೆ ಇವರಿಗೆ ಕೆಮ್ಮು ಕೂತ ಎದೆಯಿದೆಯಲ್ಲ, ಆ ಎದೆಯದೇ ಯೋಚನೆ.

ಅಪ್ಪ ಚಿಕ್ಕವೆಂಕಟಪ್ಪ ಹೇಳುತ್ತಿದ್ದದ್ದು ಇಷ್ಟೇ, ಕೆಳಗಿರೋನು ಮುಳುಗಿದಾಗ ನೀನೂ ಉಸಿರು ಕಟ್ಟು ಕಣಮ್ಮಿ, ನಿಂಗೆ ಸಾಕು ಅನ್ನಿಸ್ದಾಗ ಅವ್ನಿಗೆ ಯಾವಾಗ್ಲೋ ಸಾಕಾಗಿರ್ತದೆ, ಎಳ್ದುಬುಡು, ಕೇಳ್ಕೊಂಡು ಕೂತ್ಕೋಬ್ಯಾಡ. ಇದೇ ಮೆಟ್ಟಿಲ ಮೇಲೆ ಕೂತು ಅಪ್ಪ ಕೆನ್ನೆ ಉಬ್ಬಿಸಿಕೊಂಡಿರುತ್ತಿದ್ದ, ನಾನು ತಳದ ಕೆಸರು ಹಿಡಿದು ಮೇಲೆ ಬಂದರೆ ಅವನ ಮುಖ ನನಗಿಂತ ಕೆಂಪು. ನನ್ನಣ್ಣ ಕೊಂಡಪ್ಪನಿಗೂ ಕಲಿಸಹೋದ, ಅಣ್ಣ ನೀರು ಕಂಡರೆ ಎಮ್ಮೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ, ಕೊನೆಗೆ ಬಾವಿ ಅಣ್ಣನ ಪಾಲಿಗೆ ಬಂತು, ಈಜು ನನ್ನ ಪಾಲಿಗೆ ಬಂತು. ಹೆಣ್ಣುಮಗಳು ಬಾವಿಗೆ ಬೀಳ್ತಾಳೆ ಅಂತ ಊರವರು ಆಡಿಕೊಂಡರು, ಬೀಳಲ್ಲ, ಇಳೀತಾಳೆ, ಅಂದ ಅಪ್ಪ. ನನ್ನ ಕೈಯಲ್ಲಿ ಈಜು ಕಲಿತವರು ನಾವಿರುವ ಗಣಿಯ ಸಾಲುಮನೆ, ಕೋರಮಂಡಲ್ ಲೈನಿನಲ್ಲಿ ಮನೆಗೊಬ್ಬರು ಸಿಗುತ್ತಾರೆ ಈಗ, ನಲ್ಲಿಯ ಮುಂದೆ ಕೊಡ ಸಾಲಿಟ್ಟು ಬದುಕುವ ಜನ, ಮೈ ಮುಳುಗುವಷ್ಟು ನೀರು ಕಂಡವರಲ್ಲ, ವರ್ಷಕ್ಕೊಮ್ಮೆ ರಜೆ ಸಿಕ್ಕಾಗ ರೈಲು ಹತ್ತಿ ಬಂಗಾರಪೇಟೆಯಲ್ಲಿಳಿದು, ಅಲ್ಲಿಂದ ಗಾಡಿಯಲ್ಲಿ ನನ್ನ ಹಿಂದೆ ಬರುತ್ತಾರೆ, ಪಕ್ಕದ ಮನೆಯ ಮಾರಿಯಮ್ಮ ಬಂದಳು, ಅವಳ ಗಂಡ ಬಂದ, ಅವಳ ಅತ್ತೆ ಕೂಡ ಬಂದು ಕಾಲಾದರೂ ನೆನೆಸಿಕೊಂಡಳು, ಒಬ್ಬರ ಕೂದಲೂ ಕೊಂಕಲಿಲ್ಲ, ಹೌದು, ಜಂಬವೇ, ಇರಲಿ, ಜಂಬ ಪಡುವಂಥದ್ದು ಮಾಡಿದ್ದೇನೆ. ಊಟ ಮಾಡಿ ಇಳಿಯಬಾರದು, ಬುರುಡೆ ಬಿಚ್ಚಬಾರದು, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಇರುವ ಮೂಲೆಗೆ ಹೋಗಬಾರದು, ಅಲ್ಲಿ ಹಳೇ ಕಲ್ಲುಕಂಬಗಳು ಕುಸಿದು ನೀರೊಳಗೆ ಅಡ್ಡಾದಿಡ್ಡಿ ಬಿದ್ದಿವೆ, ನನ್ನ ಮಾತು ಮೀರಿದವರು ಮೇಲೆ ಹತ್ತಿ ಬಟ್ಟೆ ಹಾಕಿಕೊಳ್ಳಬಹುದು, ಅವರು ಯಾರೇ ಆಗಿರಲಿ.

ನಿನ್ನೆ ಆದಿನಾರಾಯಣ ಮೀರಿದ. ಇವರ ಜೊತೆಗೇ ಶಾಫ್ಟಿನಲ್ಲಿ ಕೆಲಸ, ಕುಪ್ಪಂ ಕಡೆಯ ತೆಲುಗಿನವನು, ನನ್ನನ್ನು ವದಿನ ಅನ್ನುತ್ತಾನೆ, ಅತ್ತಿಗೆ ಅಂತ, ಒಳ್ಳೆಯವನೇ, ಆದರೆ ಬಾಯಿ ತೆರೆದರೆ ಬುರುಡೆ, ಹುಲಿ ನೋಡಿದ್ದೀನಿ ಅಂತ ಒಂದು, ಗಣಿಯ ಬಿಳಿ ದೊರೆ ನನ್ನ ಹೆಗಲ ಮೇಲೆ ಕೈ ಹಾಕಿದ್ದ ಅಂತ ಇನ್ನೊಂದು, ರೈಲಿನುದ್ದಕ್ಕೂ ಬಿಟ್ಟುಕೊಂಡೇ ಬಂದ. ಏನ್ ವದಿನಾ, ನಾವು ದಿನಾ ಭೂಮಿ ಒಟ್ಟೆಗೆ ಇಳಿಯೋರು, ಈ ಗುಂಡಿ ಯಾವ ಲೆಕ್ಕ. ಲೆಕ್ಕ ಆಮೇಲೆ ನೋಡೋಣ, ತಿರುಗು, ಅಂತ ಬೆನ್ನಿಗೆ ಬುರುಡೆ ಕಟ್ಟಿದೆ, ಸೊಂಟಕ್ಕೆ ಹಗ್ಗ ಕಟ್ಟಿದೆ, ಹಗ್ಗದ ತುದಿ ಮೇಲೆ ಕಟ್ಟೆಯ ಮೇಲಿದ್ದ ಅಣ್ಣನ ಕೈಯಲ್ಲಿ, ನಾನು ನೀರಲ್ಲಿ ಇವನ ಪಕ್ಕದಲ್ಲಿ, ಇವರು ಮೆಟ್ಟಿಲ ಮೇಲೆ ಬೀಡಿ ಹಚ್ಚಿಕೊಂಡು ಕೂತಿದ್ದರು. ಚೆನ್ನಾಗಿಯೇ ಈಜಿದ, ಹೊಗಳಿದೆ, ಹೊಗಳಬಾರದಿತ್ತು, ಸೀದಾ ಕಪಿಲೆ ಮೂಲೆಗೆ ಹೊರಟ, ತಳದ ಕೆಸರು ತಂದು ತೋರಿಸ್ತೀನಿ ಅಂತ ಬೆನ್ನ ಹಿಂದೆ ಕೈ ಹಾಕಿ ಗಂಟು ಬಿಚ್ಚತೊಡಗಿದ, ಅವನಿಗೆ ತಿಳಿಯಲಿ ಅಂತ ನಾನು ಅವನ ತೆಲುಗಲ್ಲೇ ಕೂಗಿದೆ, ಆಗು, ಆಗು — ತೆಲುಗಲ್ಲಿ ನಿಲ್ಲು ಅನ್ನುವುದಕ್ಕೆ ಆಗು, ನಮ್ಮೂರಲ್ಲಿ ಹೋಗು ಅನ್ನುವುದಕ್ಕೆ ಓಗು, ಬಾವಿಯ ಗೋಡೆಗೆ ಬಡಿದು ಮೇಲೆ ಏರಿದ ದನಿಗೆ ಆ ಯಾವುದೋ ಓ ಯಾವುದೋ, ಅಣ್ಣನ ಜೊತೆ ನಾನು ಹುಟ್ಟಿದಾಗಿನಿಂದ ಆಡಿದ್ದು ಕನ್ನಡವೇ, ಅವನು ಕೇಳಿಸಿಕೊಂಡದ್ದೂ ಕನ್ನಡವೇ, ತಂಗಿ ಓಗು ಓಗು ಅಂತಾವ್ಳೆ ಅಂತ ಕೈಯಲ್ಲಿದ್ದ ಹಗ್ಗವನ್ನೆಲ್ಲ ಸಡಿಲ ಬಿಟ್ಟ. ಹಗ್ಗ ಸುರುಳಿ ಸುರುಳಿಯಾಗಿ ನನ್ನ ಮುಂದೆಯೇ ನೀರಿಗೆ ಬಿತ್ತು. ತಿರುಗಿ ನೋಡಿದರೆ ಎರಡು ಬುರುಡೆ, ನಡುವೆ ಯಾರೂ ಇಲ್ಲ.

ಯಾರೂ ಇಲ್ಲ — ಬುರುಡೆಗಳು ಹಾಯಾಗಿ ತೇಲುತ್ತಿದ್ದವು, ಅವಕ್ಕೇನು, ಅವು ತೇಲುವುದೇ ಹಾಗೆ, ನಾನು ಮುಳುಗಿದೆ, ಕಣ್ಣು ಬಿಟ್ಟರೆ ಹಸಿರು ಕತ್ತಲು, ಕೈ ಹಾಕಿದರೆ ಕಲ್ಲು, ಕಲ್ಲು, ಪಾಚಿ, ಹಗ್ಗ, ಹಗ್ಗ ಕಂಬಕ್ಕೆ ಸುತ್ತಿ ಅವನ ಕಾಲಿಗೂ ಸುತ್ತಿತ್ತು, ನನ್ನ ಕೈ ಸಿಕ್ಕಿದ್ದೇ ತಡ ಅಪ್ಪಿಕೊಳ್ಳಲು ಬಂದ, ಮುಳುಗುವವನಿಗೆ ಅಪ್ಪುಗೆ ಕೊಡಬಾರದು, ಹಿಂದೆ ಸರಿದು ಅವನ ಕಾಲು ಬಿಡಿಸಿ ಕೂದಲು ಹಿಡಿದು ತಂದೆ, ಒಳ್ಳೆಯ ಕೂದಲು ಅವನದು, ಇಲ್ಲದಿದ್ದರೆ ಏನು ಹಿಡಿಯುತ್ತಿದ್ದೆನೋ. ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ಒತ್ತಿದೆ, ಬಾವಿಯ ಅರ್ಧ ನೀರು ಅವನ ಹೊಟ್ಟೆಯಿಂದಲೇ ಬಂತು, ಬಂದ ಮೇಲೆ ಕಣ್ಣು ಬಿಟ್ಟು ಹೇಳಿದ, ವದಿನಾ, ಬುರುಡೆ ಬಿಟ್ಬಿಟ್ಟೆ. ಇವರು ನಕ್ಕರು, ನಾನೂ ನಕ್ಕೆ. ಅಣ್ಣ ನಗಲಿಲ್ಲ. ನಿನ್ ಬಾಯಿಂದ್ಲೇ ಆಗಿದ್ದಿದು, ಓಗು ಓಗು ಅಂದೋಳು ನೀನೇ, ಪರವೂರ ಗಂಡಸಿನ ಹೆಣ ನಮ್ ಬಾವೀಲಿ ಎತ್ತುಸ್ತಿದ್ದೆ, ಸಾಕು, ನಾಳೆ ಬೆಳಿಗ್ಗೆ ಮುಳ್ಳು ತಂದು ಬಾವಿ ಬಾಯಿ ಮುಚ್ತೀನಿ, ಇನ್ಮ್ಯಾಕೆ ನೀನು ಯಾರ್ನೂ ಇಳ್ಸೋ ಅಂಗಿಲ್ಲ. ಓಗು ಅನ್ಲಿಲ್ಲ ಕಣಣ್ಣ, ಆಗು ಅಂದೆ. ಏನೋ ಒಂದು ಅಂದೆ, ಓಗು, ಆಗು, ಅವ್ನು ಓಗ್ತಿದ್ನಲ್ಲ, ಅಂದ ಅಣ್ಣ. ಕೂಗಿದವಳು ನಾನೇ, ಇಳಿಸಿದವಳೂ ನಾನೇ, ಇಳಿಸಿದ ಮೇಲೆ ಎಲ್ಲ ನನ್ನ ತಲೆಯ ಮೇಲೆಯೇ, ಅದರಲ್ಲಿ ಪಾಲು ಕೇಳುವವಳಲ್ಲ ನಾನು, ಆದರೆ ಮುಳ್ಳು — ಅಪ್ಪ ಕೆನ್ನೆ ಉಬ್ಬಿಸಿಕೊಂಡು ಕೂತಿರುತ್ತಿದ್ದ ಜಾಗಕ್ಕೆ ಮುಳ್ಳು ಬಡಿಯುವುದೆ.

ಆಗ ಇವರು ಬೀಡಿ ಆರಿಸಿದರು. ನನ್ನ ಸೋದರತ್ತೆಯ ಮಗ, ಗಣಿಯಲ್ಲೇ ಹುಟ್ಟಿ ಬೆಳೆದು ಬಾಯಿಗೆ ತಮಿಳು ಹತ್ತಿದವರು, ನನ್ನನ್ನು ಪುಳ್ಳೆ, ಅಂದರೆ ಹುಡುಗಿ, ಅಣ್ಣನನ್ನು ಮಚ್ಚಾನ್, ಅಂದರೆ ಭಾವ, ಅನ್ನುವುದೂ ಆ ತಮಿಳಿನಲ್ಲೇ. ಏ ಪುಳ್ಳೆ, ನಿಂದೂ ತಪ್ಪಿಲ್ಲ, ಮಚ್ಚಾಂದೂ ತಪ್ಪಿಲ್ಲ, ಬಾಯಿ ನಂಬಿದ್ದು ತಪ್ಪು, ನಮ್ ಶಾಫ್ಟಲ್ಲಿ ತಮಿಳು, ತೆಲುಗು, ಕನ್ನಡ, ದೊರೆ ಇಂಗ್ಲಿಷು, ಬಾಯಿಂದ ಕೂಗಿದ್ರೆ ಒಬ್ಬನೂ ಸಂಜೆ ಮನೆ ಸೇರಲ್ಲ, ಅದಕ್ಕೇ ಅಲ್ವಾ ಬೆಲ್ಲು ಇಟ್ಟಿರೋದು, ಒಂದು ಹೊಡೆದ್ರೆ ನಿಲ್ಲು, ಅದು ಯಾವ ಭಾಷೆಯವನಿಗೂ ನಿಲ್ಲೇ. ಅಣ್ಣನ ಕಡೆ ತಿರುಗಿದರು, ಮಚ್ಚಾನ್, ನಾಳೆ ನಾನಿಳೀತೀನಿ, ತಳ ಮುಟ್ಟಿ ಬರ್ತೀನಿ, ಹಗ್ಗ ಅವಳ ಕೈಯಲ್ಲೇ ಇರ್ಲಿ, ಒಂದು ಎಳೆದ್ರೆ ನಿಲ್ಲು, ಎರಡು ಎಳೆದ್ರೆ ಮೇಲೆ ತೆಗಿ, ನಾನು ಸರಿಯಾಗಿ ಬಂದ್ರೆ ಮುಳ್ಳು ಬೇಡ, ಬರದಿದ್ರೆ ನಿನ್ನಿಷ್ಟ. ನಾನು ಬೇಡ ಅಂದೆ, ಮಾಮ, ನಿಮ್ಮ ಎದೆ ಸರಿಯಿಲ್ಲ, ಬೇಡ ಅಂದೆ. ಮೊದಲು ಕೆಳಗೆ ಬಂಡೆ ಕೊರೆಯುತ್ತಿದ್ದವರು, ಧೂಳು ಕುಡಿದು ಎದೆ ಕೆಟ್ಟ ಮೇಲೆ ಬೆಲ್ಲಿಗೆ ಹಾಕಿದ್ದು, ಅವರ ಕೆಮ್ಮನ್ನು ಪಕ್ಕದಲ್ಲಿ ಮಲಗಿ ಕೇಳುವವಳು ನಾನು. ಎದೆ ಸರಿಯಿಲ್ಲ ಅಂತ್ಲೇ ನಿನ್ನ ಕೈಗೆ ಕೊಡ್ತಿರೋದು ಪುಳ್ಳೆ, ಸರಿಯಿದ್ರೆ ಯಾರ ಕೈಗೆ ಬೇಕಾದ್ರೂ ಕೊಡ್ತಿದ್ದೆ. ಎಷ್ಟು ಜನ ಹೆಂಡಂದಿರಿಗೆ ಗಂಡಂದಿರು ಹೀಗೆ ಹೇಳಿದ್ದಾರೆ ನಾನು ಕಾಣೆ, ನನಗೆ ಹೇಳಿದರು, ಅಣ್ಣನ ಮುಂದೆ, ಒದ್ದೆ ಬಟ್ಟೆಯಲ್ಲಿ ಮುದುಡಿ ಕೂತಿದ್ದ ಆದಿನಾರಾಯಣನ ಮುಂದೆ, ನನಗೆ ಅಲ್ಲೇ ಅಳು ಬಂತು, ಮುಖ ತೊಳೆಯುವ ನೆಪ ಮಾಡಿದೆ, ಬಾವಿಯಲ್ಲಿದ್ದರೆ ಅದೊಂದು ಅನುಕೂಲ.

ಇವತ್ತು ಬೆಳಗಾಗುತ್ತಲೇ ಇವರು ಮೆಟ್ಟಿಲಿಳಿದು ಬಂದು ಅಂಗಿ ಬಿಚ್ಚಿ ಸೊಂಟ ಒಡ್ಡಿ ನಿಂತರು, ಹಸಿದ ಹೊಟ್ಟೆಯಲ್ಲಿ, ನಾನು ಹೇಳಿದ್ದಂತೆ. ಮೊದಲು ಮೆಟ್ಟಿಲ ಹತ್ತಿರವೇ ಮುಳುಗಿಸಿ ಎಬ್ಬಿಸಿ ನೋಡಿದೆ, ಎರಡು ಸಲ, ಅವರ ಉಸಿರು ನನ್ನದರಲ್ಲಿ ಅರ್ಧ, ಅರ್ಧಕ್ಕಿಂತ ಒಂದು ಕೂದಲೆಳೆ ಕಮ್ಮಿ, ಅಷ್ಟು ತಿಳಿದ ಮೇಲೇ ಕಲ್ಲು ಕೊಟ್ಟದ್ದು. ಹೇಳಿದ್ದೇನೆ, ಮಾಮ, ನಿಮ್ಮ ಬೆಲ್ಲು ನಿಮ್ಮದು, ನನ್ನ ಉಸಿರು ಅರ್ಧ ಮುಟ್ಟಿದರೆ ನಾನು ನಿಮ್ಮ ಬೆಲ್ಲಿಗೆ ಕಾಯುವುದಿಲ್ಲ. ಆಗಲಿ ಅಂದರು, ಅವರು, ಬೆಲ್ಲಿಲ್ಲದೆ ಏನನ್ನೂ ಕದಲಿಸದವರು. ಈಗ ಎಷ್ಟಾಯಿತು, ಹಗ್ಗ ನಿಂತಿತು, ಇಳಿಯುವುದು ನಿಂತಿತು, ಅಂಗೈಯಲ್ಲಿ ಒಂದು ಜಗ್ಗು, ಒಂದೇ, ಗಟ್ಟಿಯಾಗಿ, ನಿಲ್ಲು ಅಂತ, ತಳ ಸಿಕ್ಕಿದೆ, ಕಾಲು ಕೆಸರಲ್ಲಿದೆ, ನಿಲ್ಲಿಸಿದೆ ಮಾಮ, ನಿಂತಿದ್ದೇನೆ, ಹಗ್ಗ ಒಂದು ಬೆರಳಿನಷ್ಟೂ ಬಿಟ್ಟಿಲ್ಲ. ಮೇಲೆ ಅಣ್ಣ ಬಗ್ಗಿ ನೋಡುತ್ತಿದ್ದಾನೆ, ಅವನ ನೆರಳು ನೀರಿನ ಮೇಲೆ ಬಿದ್ದಿದೆ, ಅದರ ಪಕ್ಕ ಆದಿನಾರಾಯಣನ ನೆರಳು. ಮುನಿಶಾಮಮ್ಮ, ಎಳಿಯಮ್ಮಿ, ಅಂತ ಅಣ್ಣ ಕೂಗುತ್ತಿದ್ದಾನೆ, ಎಳಿ ಅಂದನೋ ಇಳಿ ಅಂದನೋ, ಬಾವಿಯಲ್ಲಿ ಎರಡೂ ಒಂದೇ, ಇವತ್ತು ನನ್ನ ಕಿವಿಗೆ ಕೆಲಸವಿಲ್ಲ, ಅಂಗೈಗೆ ಕೆಲಸ, ಎದೆಗೆ ಕೆಲಸ. ಕೆಸರು ಕೈಗೆ ಸಿಗುತ್ತಿಲ್ಲವೋ ಏನೋ, ಬಿಟ್ಟು ಬನ್ನಿ ಮಾಮ, ಕೆಸರು ಯಾರಿಗೆ ಬೇಕು, ಬೇಕು, ನನಗೆ ಬೇಕು, ಅಣ್ಣನಿಗೆ ತೋರಿಸಲು ಬೇಕು, ಬೇಡ, ನೀವು ಬನ್ನಿ ಸಾಕು. ಎದೆ ಬಿಸಿಯಾಗುತ್ತಿದೆ. ಕಿವಿಯಲ್ಲಿ ಡಬ್ ಡಬ್. ಇದು ಅರ್ಧವೋ, ಅರ್ಧಕ್ಕೆ ಹತ್ತಿರವೋ, ಭಯಕ್ಕೂ ಎದೆ ಬಿಸಿಯಾಗುತ್ತದೆ, ಭಯ ಯಾವುದು, ಉಸಿರು ಯಾವುದು, ಬಿಡಿಸಿ ನೋಡು ಮುನಿಶಾಮಮ್ಮ, ಅವಸರ ಬೇಡ, ತಡವೂ ಬೇಡ. ಬುರುಡೆಗಳ ಓಲಾಟ ನಿಂತಿದೆ. ಎರಡು ಬುರುಡೆ, ನಡುವೆ ಯಾರೂ ಇಲ್ಲ.

ಅರ್ಧ. ಇದೇ ಅರ್ಧ. ಬೆರಳು ಹಗ್ಗಕ್ಕೆ ಬಿಗಿದೆ, ಇನ್ನು ಕಾಯುವುದಿಲ್ಲ — ಕೆಳಗಿಂದ ಜಗ್ಗು, ಒಂದು, ಒಂದೆಂದರೆ ನಿಲ್ಲು, ಇನ್ನೊಂದೆಲ್ಲಿ ಮಾಮ, ಎರಡು ಬುರುಡೆ, ನಡುವೆ ಯಾರೂ ಇಲ್ಲ, ಯಾರೂ ಇಲ್ಲ — ಇನ್ನೊಂದು. ಎಳೆದೆ, ಕೈ ಮೇಲೆ ಕೈ ಹಾಕಿ ಎಳೆದೆ, ಭಾರ ಬರುತ್ತಿದೆ, ಜೀವ ಇರುವ ಭಾರ, ಹಸಿರು ನೀರು ಕಪ್ಪಾಯಿತು, ಒಡೆಯಿತು, ತಲೆಗಿಂತ ಮೊದಲು ಬಂದದ್ದು ಕೈ, ಎರಡು ಬುರುಡೆ, ನಡುವೆ ಒಂದು ಮುಷ್ಟಿ, ಬೆರಳ ಸಂದಿಯಿಂದ ಅಪ್ಪನ ಬಾವಿಯ ಕೆಸರು ಇಳಿಯುತ್ತಿದೆ.