ತೋಳಿರುವ ಹಾಸಿಗೆ

ಹಾಸಿಗೆ ಹೊಲಿಯುವವನ ಹೆಣ ಇನ್ನೂ ಅವನ ಅಂಗಡಿಯೊಳಗೇ ಇತ್ತು. ಹೊರಗೆ ಪಕ್ಕದ ಚಪ್ಪಲಿ ಅಂಗಡಿಯವನು ಟೇಪು ಹಿಡಿದು ಜಗಲಿಯ ಉದ್ದ ಅಳೆಯುತ್ತಿದ್ದ.

"ನಮ್ಮ ಯಜಮಾನರ ಅಳತೆ ಬೇಕಿದ್ರೆ ಒಳಗೆ ಬಾ," ಅಂದಳು ಹಾಸಿಗೆಯವನ ಹೆಂಡತಿ. "ಅವರು ಅಲ್ಲಿ ಮಲಗಿಲ್ಲ."

ಅವನು ಟೇಪನ್ನು ಜೇಬಿಗೆ ತುರುಕಿದ. "ತಪ್ಪು ತಿಳೀಬೇಡಿ ಅತ್ತಿಗೆ. ವೆಲ್ಡಿಂಗ್‌ನವನು ಈ ಕಡೆ ಬಂದಿದ್ದ, ಅದಕ್ಕೇ. ಯಾರೂ ಬಂದು ಮಲಗದ ಹಾಗೆ ಎಲ್ಲ ಅಂಗಡಿ ಮುಂದೂ ಗ್ರಿಲ್ ಬಂತು, ನಿಮ್ಮದೊಂದೇ ಬಾಕಿ. ಅಣ್ಣ ಇರೋವರೆಗೆ ನಾನು ಬಾಯಿ ಬಿಡಲಿಲ್ಲ. ಈಗ ನೀವು ಹೂಂ ಅಂದ್ರೆ ನಾಳೆನೇ ಕೆಲಸ ಮುಗಿಯುತ್ತೆ."

"ಮೊದಲು ಮಣ್ಣು ಮಾಡಿ ಬರೋಣ."

ಅವನ ಮಾತು ಪೂರ್ತಿ ಸುಳ್ಳಲ್ಲ ಅಂತ ಅವಳಿಗೂ ಗೊತ್ತಿತ್ತು. ಸೂರಿಲ್ಲದವರೆಲ್ಲ ಕತ್ತಲಾದರೆ ಬಂದು ಬೀಳುತ್ತಿದ್ದದ್ದು ಈ ಜಗಲಿಯ ಮೇಲೇ. ಬೆಳಿಗ್ಗೆ ಮೂತ್ರದ ನಾತ. ಗಿರಾಕಿಗಳು ಮೂಗು ಮುಚ್ಚಿಕೊಂಡು ಎದುರು ಬದಿಗೆ ದಾಟಿಬಿಡುತ್ತಿದ್ದರು. ಆ ಮೂಲೆಗೆ ಫಿನಾಯಿಲ್ ಹಾಕಿ ತಿಕ್ಕಿದ ಕೈ ಅವಳದೇ.

*

ಕೆಲವು ವರ್ಷಗಳ ಹಿಂದಿನ ಮಾತು. ಬೀದಿಯಲ್ಲಿ ಏನು ಹಾಸಿ ಮಲಗಿದರೂ ಬಿಡಾರ ಹೂಡಿದ ಹಾಗೆ, ಹಾಸಿದ್ದನ್ನು ಕಿತ್ತುಕೊಳ್ಳಬಹುದು ಅನ್ನುವ ಕಾನೂನು ಬಂದ ಚಳಿಗಾಲ ಅದು. ನಗರಸಭೆಯ ಗಾಡಿ ಕಂಬಳಿ, ಚಾಪೆ, ರಟ್ಟು ಎಲ್ಲ ಬಾಚಿಕೊಂಡು ಹೋಯಿತು.

ಹಾಸಿಗೆಯವನಿಗೂ ಆಗ ಕೆಟ್ಟ ಕಾಲ. ಸ್ಪಂಜಿನ ಹಾಸಿಗೆ ಬಂದ ಮೇಲೆ ಹತ್ತಿಯದನ್ನು ಮೂಸುವವರಿರಲಿಲ್ಲ. ಖಾಲಿ ಕೈ ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ಜಗಲಿಯಲ್ಲಿ ಮಲಗುತ್ತಿದ್ದವರಲ್ಲಿ ಗೊರಕೆ ತಾತ ಅಂತ ಒಬ್ಬ. ಅವನ ಗೊರಕೆಗೆ ಬೀದಿನಾಯಿಗಳೂ ಜಾಗ ಬದಲಾಯಿಸಿದ್ದವು. ಅವನು ಬಾಗಿಲಲ್ಲಿ ನಿಂತು ಕೇಳಿದ: "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ ಯಜಮಾನ್ರೇ, ಹಾಸಿಗೇನೇ ಕಿತ್ಕೊಂಡ್ರೆ ಕಾಲು ಎಲ್ಲಿಡೋದು?"

ಹಾಸಿಗೆಯವನು ಬಹಳ ದಿನದ ಮೇಲೆ ನಕ್ಕ. "ಮೈಮೇಲೆ ತೊಟ್ಟಿರೋದನ್ನ ಕಿತ್ಕೋತಾರೇನು?"

"ಅಷ್ಟು ಮಾನ ಬಿಟ್ಟಿಲ್ಲ ಇನ್ನೂ."

"ಹಾಗಾದ್ರೆ ಒಳಗೆ ಬಾ. ಕೈ ಎತ್ತು."

ದಾರದಲ್ಲಿ ಎದೆ ಅಳೆದ. ಮೂಲೆಯಲ್ಲಿ ಬಿದ್ದಿದ್ದ ಹತ್ತಿ ತುಂಬಿ, ಹಾಸಿಗೆಗೆ ಹಾಕುವ ಹೊಲಿಗೆಯನ್ನೇ ಹಾಕಿ, ಹಿಮ್ಮಡಿಯವರೆಗೆ ಇಳಿಯುವ ಕೋಟು ಹೊಲಿದ. ತೋಳಿರುವ ಹಾಸಿಗೆ. ಹಾಸಬೇಕಿಲ್ಲ, ತೊಟ್ಟು ಮಲಗಿದರೆ ಸಾಕು. ಗಾಡಿಯವರು ಬಂದು ತಾತನನ್ನು ಹಿಂದೆ ಮುಂದೆ ನೋಡಿ, ತಲೆ ಕೆರೆದುಕೊಂಡು ಹೋದರು.

ಅವತ್ತು ಹಾಸಿಗೆಯವನು ಮತ್ತೆ ಮತ್ತೆ ಬಡಿಸಿಕೊಂಡು ಉಂಡ. ಪಾತ್ರೆ ತೊಳೆಯುವ ನೆಪದಲ್ಲಿ ಹೆಂಡತಿ ಅತ್ತಳು. ಮಾರನೆಯ ದಿನದಿಂದ ಉಳಿದವರ ಕೋಟುಗಳಿಗೆ ಹತ್ತಿ ತುಂಬುವ ಕೆಲಸ ಅವಳದಾಯಿತು.

*

ಸ್ಮಶಾನದಲ್ಲಿ ವ್ಯಾಪಾರಿಗಳೆಲ್ಲ ನೆರಳು ಹಿಡಿದು ನಿಂತಿದ್ದರು. ಉರಿಬಿಸಿಲಲ್ಲಿ ಗೇಟು ದಾಟಿ ಕೋಟುಗಳು ಬಂದವು. ಹಳೆಯ ಪರದೆ ಬಟ್ಟೆಯವು, ದಿಂಬಿನ ಬಟ್ಟೆಯವು. ಬೆವರು ಇಳಿಯುತ್ತಿದ್ದರೂ ಒಬ್ಬರೂ ಗುಂಡಿ ಬಿಚ್ಚಿರಲಿಲ್ಲ.

"ಹಾಸಿಗೆಗಳೇ ಎದ್ದು ನಡ್ಕೊಂಡು ಬಂದ ಹಾಗಿದೆ," ಅಂದ ಔಷಧಿ ಅಂಗಡಿಯವನು.

"ಈ ಸೆಕೆಯಲ್ಲಿ ಯಾಕೆ ತಾತ? ಬಿಚ್ಚಿಡು," ಅಂದಳು ಅವಳು.

"ಸಾವಿನ ಮನೆಗೆ ಹಾಕ್ಕೊಂಡು ಬರೋ ಹಾಗಿರೋ ಬಟ್ಟೆ ಇದೊಂದೇ ಅಮ್ಮ. ಬದುಕಿದ್ದಾಗ ಒಂದಿನಾನೂ ಅವರಿಗೆ ಕೈ ಮುಗೀಲಿಲ್ಲ."

"ಮುಗೀಬೇಕಾದವಳು ನಾನು. ನೀನು ಅವತ್ತು ಬಾಗಿಲಿಗೆ ಬರದಿದ್ರೆ ಅವರು ಆ ಗೋಡೆ ನೋಡ್ತಾನೇ ಹೋಗಿಬಿಡ್ತಿದ್ರು."

ಹೂಳುವ ಗುಂಡಿಯವರೆಗೆ ಹೆಗಲು ಕೊಟ್ಟದ್ದು ಕೋಟಿನವರೇ. ಅಡ್ಡ ಬರಬೇಕೆಂದು ವ್ಯಾಪಾರಿಗಳಲ್ಲಿ ಯಾರಿಗೂ ಅನ್ನಿಸಲಿಲ್ಲ.

*

ಸಂಜೆ ಚಪ್ಪಲಿ ಅಂಗಡಿಯವನು ಮತ್ತೆ ಬಂದ. "ಏನಂತೀರಿ ಅತ್ತಿಗೆ?"

"ಗ್ರಿಲ್ ಬೇಡ."

"ನಮ್ಮ ವ್ಯಾಪಾರದ ಗತಿ?"

"ನಿನ್ನ ಕಷ್ಟ ಸುಳ್ಳಲ್ಲ ಕಣಪ್ಪ. ನಿನ್ನ ಬಾಗಿಲ ಮುಂದೂ ದಿನಾ ನಾನೇ ತೊಳೀತೀನಿ. ಅದಕ್ಕಿಂತ ಹೆಚ್ಚು ಕೇಳಬೇಡ."

ಅವನು ನೆಲ ನೋಡಿದ. "ಅಣ್ಣನೇ ವಾಸಿ. ಅವರಿಗೆ ಇಷ್ಟು ಹಟ ಇರಲಿಲ್ಲ," ಅಂತ ಗೊಣಗುತ್ತ ಶಟರ್ ಎಳೆಯಲು ಹೋದ.

ಬೀದಿದೀಪ ಹತ್ತಿತು. ಎದುರು ಬದಿಯಲ್ಲಿ ಗೊರಕೆ ತಾತ, ಅವನ ಹಿಂದೆ ಉಳಿದವರು, ಕಂಕುಳಲ್ಲಿ ಗಂಟು ಇಟ್ಟುಕೊಂಡು ನಿಂತೇ ಇದ್ದರು. ಸಾವಾದ ಮನೆಯ ಜಗಲಿ. ಯಾರೂ ಇತ್ತ ಕಾಲಿಡಲಿಲ್ಲ.

ಅವಳು ಹೊರಗೆ ಬಂದು ಬರಿಯ ಕಲ್ಲಿನ ಮೇಲೆ ಕೂತಳು. ಆಮೇಲೆ ಒಂದು ಅಂಚಿಗೆ ಸರಿದು, ಪಕ್ಕದ ಜಾಗದ ಧೂಳನ್ನು ಅಂಗೈಯಿಂದ ಒರೆಸತೊಡಗಿದಳು.