ಹತ್ತು ಗಡಿಗೆಗಳ ಆಟ

ಹುರಿದ ಹುಣಸೆ ಬೀಜದ ವಾಸನೆ ಬಂದಂತಾಗಿ ಕಾಜಲ್ ತಲೆ ಎತ್ತಿದಳು. ಅವಳು ಚಿಕ್ಕವಳಿದ್ದಾಗ ದರಿಬಡಚಿಯ ಅಂಗಳದಲ್ಲಿ ಅಜ್ಜಿ ಕಂಬಳಿಗೆ ಹಚ್ಚಲೆಂದು ಹುಣಸೆ ಬೀಜ ಹುರಿದು, ಬೀಸಿ, ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಸುತ್ತಿದ್ದಳು. ಅರ್ಧ ಸುಟ್ಟಂತೆ, ಅರ್ಧ ಹುಳಿಯಂತೆ ಇದ್ದ ಆ ವಾಸನೆ ಕೂದಲಿಗೆ ಹತ್ತಿದರೆ ಎರಡು ದಿನ ಬಿಡುತ್ತಿರಲಿಲ್ಲ. ಇಲ್ಲಿ, ಸಂಖದ ಟೈಪಿಂಗ್ ಕ್ಲಾಸಿನ ಮೂಲೆಯಲ್ಲಿ, ಹಳೇ ಕಂಪ್ಯೂಟರಿನ ಬೆನ್ನು ಕಾದು ಒಳಗಿನ ಧೂಳು ಅದೇ ವಾಸನೆ ಬಿಡುತ್ತಿತ್ತು. ಅವಳು ಅದರ ಬೆನ್ನಿನ ಕಡೆ ನೋಡುವಷ್ಟರಲ್ಲಿ ಆಟದ ಪರದೆಯ ಮೇಲಿನಿಂದ ಇಳಿದ 'ಧ' ಅಕ್ಷರ ನೆಲ ಮುಟ್ಟಿತು. ಟಪ್ ಎಂದು ಮೂರನೆಯ ಗಡಿಗೆ ಒಡೆಯಿತು.

"ಎಲ್ಲಿ ನೋಡಾಕತ್ತಿ ತಂಗಿ?" ಅಂದರು ಹಿಂದೆ ನಿಂತಿದ್ದ ನೂರಮಹಮ್ಮದ ಸರ್. "ಏಳ ಉಳಿದಾವು."

ಕಾಜಲ್ ಮತ್ತೆ ಬೆರಳಿಟ್ಟಳು. ಮೇಜಿನ ಕೆಳಗೆ ಅವಳ ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಪರೀಕ್ಷೆಗೆ ಇನ್ನು ಹನ್ನೊಂದು ದಿನ.

ಅವಳ ಗಂಡ ಮಲ್ಲಿನಾಥ ಸರಕಾರಿ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದ. ಕಾಮಾಲೆ ಬಂದು ಹದಿನೆಂಟು ದಿನದಲ್ಲಿ ತೀರಿಹೋದ. ಅವನ ಕುರ್ಚಿಯನ್ನು ಅನುಕಂಪದ ಮೇಲೆ ಹೆಂಡತಿಗೆ ಕೊಟ್ಟರು. ಆದರೆ ಗಡಿಯ ಆ ಊರುಗಳಲ್ಲಿ ಜನರ ಮಾತು ಕನ್ನಡವಾದರೂ ಕಚೇರಿಯ ಕಾಗದವೆಲ್ಲ ಮರಾಠಿ; ಎರಡು ವರ್ಷದೊಳಗೆ ಮರಾಠಿ ಟೈಪಿಂಗ್ ಪರೀಕ್ಷೆ ಪಾಸಾಗಬೇಕೆಂಬ ಕರಾರಿತ್ತು. ಏಳು ನಿಮಿಷದಲ್ಲಿ ಇನ್ನೂರ ಹತ್ತು ಶಬ್ದ. ಕಾಜಲ್ ಎರಡು ಸಲ ಕೂತು ಎರಡು ಸಲವೂ ನೂರೈವತ್ತರ ಆಚೆ ಹೋಗಿರಲಿಲ್ಲ. ಇದು ಮೂರನೆಯದು, ಕೊನೆಯದು. ಇದರಲ್ಲಿ ಹೋದರೆ ಕುರ್ಚಿ ಹೋದಂತೆ. ಆ ಕುರ್ಚಿಯ ಮೇಲೆ ಅವಳೂ ಅತ್ತೆ ಭಾಗವ್ವಳೂ ಕೂತಿದ್ದರು ಎಂದರೂ ಸರಿಯೇ.

ಮರಾಠಿ ಅವಳಿಗೆ ಬಾರದ ಭಾಷೆಯಲ್ಲ. ಕಚೇರಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದಳು. ಆದರೆ ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಮರಾಠಿ ಅಕ್ಷರ ಕಂಡರೆ ಕಣ್ಣು ಅದನ್ನು ಒಮ್ಮೆ ಹಿಡಿದು ನಿಲ್ಲಿಸಿ, ಮನಸ್ಸಿನಲ್ಲಿ ಕನ್ನಡದ್ದಾಗಿ ಮಾಡಿ, ಆಮೇಲೆ ಕೀಲಿ ಹುಡುಕುತ್ತಿತ್ತು. ಅಷ್ಟು ಹೊತ್ತಿಗೆ ಗಡಿಯಾರ ಮುಂದೆ ಹೋಗಿರುತ್ತಿತ್ತು.

ಇದನ್ನು ಮೊದಲು ಕಂಡುಹಿಡಿದವರು ಸರ್. ಅವರು ಮೂವತ್ತು ವರ್ಷದ ಹಿಂದೆ ನಾಲ್ಕು ಟೈಪ್‌ರೈಟರ್ ಇಟ್ಟು ಈ ಕ್ಲಾಸು ತೆರೆದವರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದರೂ ಕಲಿಸುವ ರೀತಿ ಬದಲಾಗಲಿಲ್ಲ: ಕೈ ಮೊದಲು, ಪಾಠ ಆಮೇಲೆ. ಮೂಲೆಯ ಹಳೇ ಕಂಪ್ಯೂಟರು ಇದ್ದದ್ದೇ ಅದಕ್ಕೆ. ಅದರೊಳಗೆ ಒಂಬತ್ತು ಆಟಗಳಿದ್ದವು. ಇಪ್ಪತ್ತು ವರ್ಷದ ಹಿಂದೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಕೊಂಡ ಮಾಸಿಕದ ರಟ್ಟಿಗೆ ಅಂಟಿಸಿ ಪುಕ್ಕಟೆ ಕೊಟ್ಟ ಸಿ.ಡಿ. ತಟ್ಟೆಯಲ್ಲಿ ಬಂದವು. ಇಸ್ಪೀಟಿನ ಎಲೆ ಎಳೆದೆಳೆದು ಜೋಡಿಸುವ ಆಟದಿಂದ ಅಂಗನವಾಡಿ ಕೆಲಸದ ಹೆಣ್ಣುಮಕ್ಕಳು ಮೌಸ್ ಹಿಡಿಯುವುದನ್ನು ಕಲಿತಿದ್ದರು. ನೆಲದಲ್ಲಿ ಹುಗಿದ ಬಾಂಬು ಹುಡುಕಿ ಬಾವುಟ ನೆಡುವ ಆಟದಿಂದ ಬಲಗಡೆಯ ಗುಂಡಿ ಯಾವುದಕ್ಕೆಂದು ತಿಳಿದಿದ್ದರು. ಇಟ್ಟಂಗಿ ಒಡೆಯುವುದು, ಬಾಲ ಬೆಳೆಸಿಕೊಳ್ಳುವ ಹಾವು, ಇವು ಸರ್ ತಾವೇ ಮಧ್ಯಾಹ್ನ ಯಾರೂ ಇಲ್ಲದಾಗ ಆಡುವಂಥವು. ಫೋನಿನ ಈಗಿನ ಆಟಗಳನ್ನು ಕಂಡರೆ ಅವರಿಗೆ ಆಗದು. ಎರಡು ನಿಮಿಷಕ್ಕೊಮ್ಮೆ ಜಾಹೀರಾತು, ಮುಂದೆ ಹೋಗಬೇಕಾದರೆ ರೊಕ್ಕ ಕೊಡು ಅನ್ನುತ್ತವೆ. ಇವು ಏನೂ ಕೇಳುವುದಿಲ್ಲ, ಕರೆದಾಗ ಬರುತ್ತವೆ, ಸಾಕೆಂದಾಗ ಹೋಗುತ್ತವೆ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಒಂಬತ್ತನೆಯದು ಗಡಿಗೆ ಆಟ. ಕೆಳಗೆ ಹತ್ತು ಮಣ್ಣಿನ ಗಡಿಗೆಗಳ ಸಾಲು. ಮೇಲಿನಿಂದ ಕನ್ನಡ ಅಕ್ಷರಗಳು ಆಲಿಕಲ್ಲಿನಂತೆ ಬೀಳುತ್ತವೆ. ನೆಲ ಮುಟ್ಟುವ ಮೊದಲು ಆ ಅಕ್ಷರದ ಕೀಲಿ ಒತ್ತಿದರೆ ಅದು ಮಾಯ. ಇಲ್ಲದಿದ್ದರೆ ಒಂದು ಗಡಿಗೆ ಚೂರು.

ಮೊದಲ ದಿನ ಕಾಜಲ್‌ಗೆ ಸಿಟ್ಟೇ ಬಂದಿತ್ತು. ಪರೀಕ್ಷೆ ಮರಾಠಿಯದು, ಕನ್ನಡದ ಆಟ ಯಾಕೆ ಅಂದಿದ್ದಳು. ಸರ್ ಪಕ್ಕದ ಕುರ್ಚಿ ಎಳೆದು ಕೂತರು.

"ಕನ್ನಡದಾಗ 'ಕ' ಯಾವ ಬೆರಳಿಗೆ ಬರತೈತಿ?"

ಆಗಷ್ಟೇ ಒಂದು ಆಟ ಆಡಿದ್ದ ಅವಳು ಬಲಗೈಯ ನಡುಬೆರಳು ಎತ್ತಿದಳು.

"ಮರಾಠಿ ಹಚ್ಚಿ ಅದೇ ಕೀಲಿ ಒತ್ತು."

ಒತ್ತಿದಳು. ಮರಾಠಿಯ 'ಕ'ವೇ ಬಂತು. 'ತ' ಒತ್ತಿದಳು, 'ತ'. 'ಸ', 'ಮ', 'ರ', ಎಲ್ಲವೂ ಕನ್ನಡದಲ್ಲಿ ಎಲ್ಲಿದ್ದವೋ ಮರಾಠಿಯಲ್ಲೂ ಅಲ್ಲೇ ಕೂತಿದ್ದವು.

"ಕಣ್ಣಿಗೆ ಪರಕೀಯ ಐತಿ, ಬೆರಳಿಗಿಲ್ಲ," ಅಂದರು ಸರ್. "ಕಣ್ಣಿನ ಮಾತ ಕೇಳಿ ಕೇಳಿ ಬೆರಳ ಅಂಜ್ಯಾವು. ಮೊದಲ ಇಲ್ಲಿ ಅಂಜಿಕಿ ಬಿಡಸೂಣು."

ಅಂದಿನಿಂದ ಅವಳ ಬೆರಳುಗಳಿಗೆ ನಿಲುಗಡೆಯಿರಲಿಲ್ಲ. ಕಚೇರಿಯಲ್ಲಿ ಕಡತದ ಮೇಲೆ, ಬಸ್ಸಿನ ಸರಳಿನ ಮೇಲೆ, ಮಲಗಿದಾಗ ಹೊದಿಕೆಯ ಅಂಚಿನ ಮೇಲೆ ಕುಣಿಯುತ್ತಿದ್ದವು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕೂತಲ್ಲಿ ಕೂರಲಾಗದು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಭಾಗವ್ವ ಎಲ್ಲವನ್ನೂ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಕಾಜಲ್ ಕೂಡ ಆಟದ ಸುದ್ದಿ ಹೇಳಿರಲಿಲ್ಲ. ಆಟ ಅಂದರೆ ಅತ್ತೆಗೆ ಏನು ಅನಿಸೀತು ಎಂದು ನಾಳೆ ನಾಡಿದ್ದು ಎನ್ನುತ್ತ ಬಿಟ್ಟುಬಿಟ್ಟಿದ್ದಳು.

ಹೇಳುವವರು ಬೇರೆ ಇದ್ದರು. ಕ್ಲಾಸಿನ ಎದುರಿಗೆ ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದ ಚನ್ನವ್ವ ಕಿಟಕಿಯಲ್ಲಿ ಕಂಡದ್ದನ್ನು ಭಾಗವ್ವಳ ಮುಂದೆ ಬಣ್ಣ ಹಚ್ಚಿ ಇಟ್ಟಳು. ನಿಮ್ಮ ಸೊಸೆ ಕಂಪ್ಯೂಟರ್ ಕಲಿಯುತ್ತಿಲ್ಲ, ಚಿಕ್ಕ ಹುಡುಗರ ಹಾಗೆ ಆಟ ಆಡಿ ನಗುತ್ತ ಕೂತಿರುತ್ತಾಳೆ ಎಂದಳು.

ಪರೀಕ್ಷೆಗೆ ಆರು ದಿನವಿದ್ದಾಗ ಭಾಗವ್ವ ಕ್ಲಾಸಿಗೆ ಬಂದಳು. ಸರ್ ಬಾಗಿಲಲ್ಲೇ ನೋಡಿ, "ಬರ್ರಿ ಅಕ್ಕಾರ, ಕುಂದ್ರಿ," ಎಂದು ಸ್ಟೂಲು ಸರಿಸಿದರು. ಅವಳು ಕೂರಲಿಲ್ಲ. ಸೊಸೆಯ ಬೆನ್ನ ಹಿಂದೆ ನಿಂತು ಪರದೆಯನ್ನೇ ನೋಡಿದಳು. ಕಾಜಲ್‌ಗೆ ಅತ್ತೆ ಬಂದದ್ದು ತಿಳಿಯಲಿಲ್ಲ. ಆಟ ಏಳನೆಯ ಹಂತದಲ್ಲಿತ್ತು, ಅಕ್ಷರಗಳು ಗುಂಪುಗುಂಪಾಗಿ ಬೀಳುತ್ತಿದ್ದವು. ಒಂದು ತಪ್ಪಿತು. ಟಪ್. ಗಡಿಗೆ ಒಡೆದು ಚೂರುಗಳು ನಾಲ್ಕೂ ಕಡೆ ಹಾರಿದವು.

ಗಡಿಗೆ ಒಡೆಯುವುದನ್ನು ಭಾಗವ್ವ ಕೊನೆಯ ಸಲ ನೋಡಿದ್ದು ಮಗನ ಮಣ್ಣಿನ ದಿನ, ಸುಡುಗಾಡಿನಲ್ಲಿ.

"ನನ್ನ ಮಗನ ಕುರ್ಚಿ ಉಳಸತೀನಿ ಅಂತ ಹೇಳಿ ಬಂದು ಇಲ್ಲಿ ಗಡಿಗಿ ಒಡ್ಯಾಕತ್ತೀಯೇನ ಯವ್ವಾ?" ಅಂದಳು. ದನಿ ಏರಿರಲಿಲ್ಲ. ಅದಕ್ಕೇ ಕ್ಲಾಸಿನಲ್ಲಿದ್ದ ಐದಾರು ಹುಡುಗಿಯರ ಕೈ ನಿಂತವು. ಆಮೇಲೆ ಅವಳು ಸರ್ ಕಡೆ ತಿರುಗಿದಳು. "ಗಡ್ಡ ಬೆಳ್ಳಗಾಗೇತಿ ನಿಮಗ. ಮಂದಿ ಹೆಣ್ಮಕ್ಕಳಿಗೆ ಆಟ ಹಚ್ಚಿ ಕುಂಡ್ರಸಾಕ ನಾಚಿಕಿ ಬರಲಿಲ್ಲೇನ್ರಿ?"

ಯಾರೂ ಉತ್ತರ ಕೊಡುವ ಮೊದಲೇ ಬಗ್ಗಿ, ಗೋಡೆಯಿಂದ ವಯರು ಕಿತ್ತಳು. ಪರದೆ ನಡುವಿಗೊಂದು ಬಿಳಿ ಚುಕ್ಕೆ ಉಳಿಸಿ ಆರಿತು. ಒಳಗೆ ಏನೋ ಕರ್ರೆಂದು ಕೆರೆದ ಸದ್ದಾಯಿತು.

ಸರ್ ವಯರನ್ನು ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದರು. ಎರಡು ಸಲ, ಮೂರು ಸಲ. ಏನೂ ಆಗಲಿಲ್ಲ. ಕಾಜಲ್ ಮುಖ ಮುಚ್ಚಿಕೊಂಡಳು. ಭಾಗವ್ವಳ ಮುಖದ ಮೇಲೂ ಈಗ ಬೇರೆ ಏನೋ ಬಂದಿತ್ತು. ವಯರು ಕಿತ್ತ ಕೈ ಸೆರಗಿನೊಳಗೆ ಅಡಗಿತ್ತು.

"ನಿಮ್ಮ ಕೈಯಿಂದ ಆಗಿಲ್ಲ ಬಿಡ್ರಿ," ಅಂದರು ಸರ್. "ಮೊನ್ನಿನೂ ಹಿಂಗ ಬಂದ್ ಆಗಿತ್ತು. ವಯಸ್ಸಾಗೇತಿ ಅದಕ."

ಮೊನ್ನೆ ಅದು ಬಂದ್ ಆಗಿರಲಿಲ್ಲ. ಕಾಜಲ್ ಮೊನ್ನೆ ಇಡೀ ಸಂಜೆ ಅಲ್ಲೇ ಕೂತಿದ್ದಳು.

ಮರುದಿನ ಅವಳು ಕ್ಲಾಸಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಯಾವ ಮುಖ ಹೊತ್ತು ಹೋಗುವುದು? ಆಟಗಳ ಸಿ.ಡಿ. ತಟ್ಟೆ ಯಾವತ್ತೋ ಒಡೆದು ಹೋಗಿತ್ತೆಂದು ಸರ್ ಹಿಂದೆಯೇ ಹೇಳಿದ್ದರು. ಆಟ ಇದ್ದದ್ದು ಆ ಯಂತ್ರದ ಹೊಟ್ಟೆಯಲ್ಲಿ ಮಾತ್ರ. ಅತ್ತೆಯೊಡನೆ ಮಾತಿಲ್ಲ. ಮನೆಯಲ್ಲಿ ಪಾತ್ರೆಗಳ ಸದ್ದೇ ದೊಡ್ಡದಾಗಿತ್ತು. ಕಾಜಲ್ ಬಾಗಿಲಿಗೆ ಹೋಗಿ ಬರುತ್ತಿದ್ದಳು, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಪರೀಕ್ಷೆಗೆ ನಾಲ್ಕು ದಿನವಿದ್ದ ಬೆಳಿಗ್ಗೆ ಭಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ನಾದಿಕೊಡಲು ಎದುರಿಗೆ ಕೂತ ಕಾಜಲ್‌ಳ ಬೆರಳು ಪರಾತದ ಅಂಚಿನ ಮೇಲೆ ತಟತಟ ಕುಣಿಯುತ್ತಿದ್ದವು. ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

"ಏನದು?" ಅಂದಳು ಭಾಗವ್ವ. ಎರಡು ದಿನದಲ್ಲಿ ಅದು ಮೊದಲ ಮಾತು.

ಕಾಜಲ್ ಹೇಳಿದಳು. ಹೇಳತೊಡಗಿದ ಮೇಲೆ ತಡೆಯಲಾಗಲಿಲ್ಲ. ಅಕ್ಷರ ಬೀಳುವುದು, ಬೆರಳು ಹುಡುಕುವುದು, ಕನ್ನಡದ 'ಕ' ಇದ್ದಲ್ಲೇ ಮರಾಠಿಯ 'ಕ' ಇರುವುದು, ನೂರೈವತ್ತಕ್ಕೆ ನಿಲ್ಲುತ್ತಿದ್ದವಳು ಆ ಆಟ ಆಡಿದ ಮೇಲೆ ನೂರ ತೊಂಬತ್ತಕ್ಕೆ ಬಂದದ್ದು, ಎಲ್ಲ ಹೇಳಿದಳು. ಭಾಗವ್ವ ಅಕ್ಷರ ಬಲ್ಲವಳಲ್ಲ. ಆದರೆ ತವರಿನಲ್ಲಿ ಮುನ್ನೂರು ಕುರಿಗಳನ್ನು ಬಾಯಿಂದ ಎಣಿಸದೆ, ಬೇಲಿಯ ಕಿಂಡಿಯಲ್ಲಿ ದಾಟುವಾಗ ಕಣ್ಣಿಂದಲೇ ಹಿಡಿದು, ಒಂದು ಕಡಿಮೆಯಾದರೆ ಯಾವುದೆಂದು ಹೇಳುತ್ತಿದ್ದವಳು. ನೋಡಿದ ಕೂಡಲೇ ಹಿಡಿಯುವುದೆಂದರೆ ಏನು ಎಂದು ಅವಳಿಗೆ ವಿವರಿಸಬೇಕಾಗಿರಲಿಲ್ಲ.

ರೊಟ್ಟಿ ಬೆಂದಿತು. ಅದನ್ನು ಬುಟ್ಟಿಗೆ ಹಾಕಿ, ಮತ್ತೊಂದು ಉಂಡೆ ಹಿಡಿದು, ಭಾಗವ್ವ ಸೊಸೆಯ ಕಡೆ ನೋಡದೆ ಅಂದಳು, "ಕಂಬಳಿ."

ಕಾಜಲ್‌ಗೆ ಅರ್ಥವಾಗಲಿಲ್ಲ.

"ಬೆರಳಿಲೆ ಹೊಡಿ. ಕಂಬಳಿ. ಟಗರ. ಮರಿ. ಬೇಲಿ." ಬಡಿಯುವ ತಾಳಕ್ಕೆ ಸರಿಯಾಗಿ ಶಬ್ದಗಳು ಉದುರತೊಡಗಿದವು. ಕಾಜಲ್ ಪರಾತವನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಹತ್ತೂ ಬೆರಳು ಊರಿದಳು. ಹಿಟ್ಟಿನ ಗುರುತು ನೆಲಕ್ಕೆ ಮೂಡಿತು. ಆರನೆಯ ಶಬ್ದಕ್ಕೆ ಅವಳು ತಡವಾದಳು. "ಒಡೀತು," ಎಂದು ತಾನೇ ಹೇಳಿಕೊಂಡಳು.

ಭಾಗವ್ವಳ ಕೈ ನಿಂತಿತು. "ಗಡಿಗಿ ಬ್ಯಾಡ ನಮ್ಮ ಮನ್ಯಾಗ. ತೋಳ ಒಯ್ತು ಅನ್ನು. ಹತ್ತ ಕುರಿ. ಒಂದ ಹೋತು. ಹುಂ, ಮುಂದ."

ಆ ನಾಲ್ಕು ದಿನ ಅವರ ಮನೆಯಲ್ಲಿ ತೋಳಕ್ಕೆ ಪುರಸೊತ್ತಿರಲಿಲ್ಲ. ನೀರು ತರುವಾಗ, ಕಾಳು ಆರಿಸುವಾಗ, ಬಟ್ಟೆ ಹಿಂಡುವಾಗ ಭಾಗವ್ವ ಶಬ್ದ ಎಸೆಯುತ್ತಿದ್ದಳು. ಕನ್ನಡ ಸಾಕಾದಾಗ ಮರಾಠಿಗೆ ಹೊರಳಿದಳು. ಉಣ್ಣೆ ಮಾರಲು ಗಂಡನ ಹಿಂದೆ ಸಾಂಗಲಿಯ ತನಕ ನಡೆದು ಹೋದವಳು ಅವಳು. ಬಜಾರಿನ ಮರಾಠಿ ಒರಟಾಗಿಯೇ ಬರುತ್ತಿತ್ತು. ಕೆಲವು ಶಬ್ದ ಪರೀಕ್ಷೆಯಲ್ಲಿ ಯಾರೂ ಕೊಡಲಾರದಂಥವು. ಕಾಜಲ್‌ಗೆ ನಗು ಬಂದು ಎರಡು ಕುರಿ ಒಟ್ಟಿಗೇ ಹೋದವು. "ನಕ್ಕೋತ ಕುಂದ್ರು, ತೋಳ ನಗೂದಿಲ್ಲ," ಅಂದಳು ಭಾಗವ್ವ.

ಪರೀಕ್ಷೆ ಜತ್ತದಲ್ಲಿ. ಬೆಳಗಿನ ಬಸ್ಸಿಗೆ ಸರ್ ತಮ್ಮ ಉಳಿದ ಹುಡುಗಿಯರೊಡನೆ ನಿಂತಿದ್ದರು. ಕಾಜಲ್‌ಳನ್ನು ಕಂಡು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಪ್ರವೇಶಪತ್ರ ತಂದಿರುವೆಯಾ ಎಂದಷ್ಟೇ ಕೇಳಿದರು. ಅವಳ ಹಿಂದೆ ಭಾಗವ್ವ ಬಸ್ಸು ಹತ್ತುವಾಗ ಸರಿದು ಜಾಗ ಬಿಟ್ಟರು. ದಾರಿಯುದ್ದಕ್ಕೂ ಭಾಗವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ತೊಡೆಯ ಮೇಲೆ ಚೀಲ ಬಿಗಿ ಹಿಡಿದಿದ್ದಳು.

ಪರೀಕ್ಷೆಯ ಕೋಣೆ ತಣ್ಣಗಿತ್ತು. ಗಂಟೆ ಬಾರಿಸುವ ಮೊದಲು ಕಾಜಲ್ ಕೈಗಳನ್ನು ಸೆರಗಿನಲ್ಲಿ ಮೂರು ಸಲ ಒರೆಸಿದಳು. ಪಾಠ ತೆರೆಯಿತು: ಊರಿನ ಸ್ವಚ್ಛತೆಯ ಮೇಲೆ ಯಾರೋ ಬರೆದದ್ದು. ಮೊದಲ ಸಾಲಿನಲ್ಲಿ ಕಣ್ಣು ಹಳೇ ಚಾಳಿಗೆ ಹೋಗಿ ಒಂದು ಅಕ್ಷರದ ಮೇಲೆ ನಿಂತಿತು. ನಿಂತ ಕೂಡಲೇ ಕಿವಿಯಲ್ಲಿ 'ಒಯ್ತು' ಅಂದಂತಾಯಿತು. ಬೆರಳು ಮುಂದೆ ಓಡಿದವು. ಮರಾಠಿಯೋ ಕನ್ನಡವೋ ಅವಳು ನೋಡಲಿಲ್ಲ. ಬಲಗಾಲು ಕುಣಿಯುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಕೊನೆಯ ಪೂರ್ಣವಿರಾಮ ಒತ್ತಿ ತಲೆ ಎತ್ತಿದಾಗ ಪರದೆಯ ಮೂಲೆಯ ಗಡಿಯಾರದಲ್ಲಿ ಇನ್ನೂ ಒಂಬತ್ತು ಸೆಕೆಂಡು ಇದ್ದವು. ಅವಳು ಆ ಒಂಬತ್ತನ್ನೂ ಕೂತು ನೋಡಿದಳು.

ಹೊರಗೆ ಕಂಪೌಂಡಿನ ಬೇವಿನ ನೆರಳಲ್ಲಿ ಸರ್ ಒಂದು ಕಟ್ಟೆಯ ಮೇಲೆ, ಭಾಗವ್ವ ಅದರಿಂದ ಹತ್ತು ಹೆಜ್ಜೆ ದೂರ ನೆಲದ ಮೇಲೆ ಕೂತಿದ್ದರು. ಕಾಜಲ್ ಬಂದು ನಿಂತಳು. ಫಲಿತಾಂಶಕ್ಕೆ ಒಂದೂವರೆ ತಿಂಗಳು. ಅದು ಅವಳಿಗೂ ಸರ್‌ಗೂ ಗೊತ್ತು.

"ಮುಗೀತ್ರಿ ಸರ್. ಎಲ್ಲಾ ಹೊಡದೆ."

ಸರ್ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಎಷ್ಟ ಉಳದವು?"

ಅವರು ಕೇಳಿದ್ದು ಗಡಿಗೆಗಳನ್ನು. ಕಾಜಲ್ ಅತ್ತೆಯ ಕಡೆ ನೋಡಿ ಕುರಿಗಳನ್ನು ಎಣಿಸಿದಳು. "ಒಂಬತ್ತರಿ," ಅಂದಳು.

ಭಾಗವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು ಒಂದು ಕ್ಷಣ ನಿಂತು, ಸರ್ ಕೂತಲ್ಲಿಗೆ ನಡೆದಳು.

"ಆ ಮಿಶಿನ್ನು ಸುರು ಆತೇನ್ರಿ?"

"ಆಗತೈತಿ ಬಿಡ್ರಿ ಅಕ್ಕಾರ."

ಭಾಗವ್ವ ಚೀಲದಿಂದ ಬಟ್ಟೆಯ ಗಂಟು ತೆಗೆದು ಕಟ್ಟೆಯ ಮೇಲೆ ಬಿಚ್ಚಿದಳು. ಎರಡು ರೊಟ್ಟಿಯನ್ನು ಮಡಚಿ, ಮೇಲೆ ಪುಂಡಿಪಲ್ಯ ಹಾಕಿ, ಶೇಂಗಾ ಚಟ್ನಿ ಉದುರಿಸಿ, ಉಳ್ಳಾಗಡ್ಡಿಯೊಂದನ್ನು ಮುಷ್ಟಿಯಿಂದ ಗುದ್ದಿ ಒಡೆದು ಪಕ್ಕಕ್ಕಿಟ್ಟಳು. ಸರ್ ಎದ್ದು ನಿಂತು ಎರಡೂ ಕೈ ಚಾಚಿದರು. ಭಾಗವ್ವ ಸೆರಗು ಸರಿಮಾಡಿಕೊಂಡು, ಸೊಸೆಗಿಂತ ಮೊದಲು ಆ ರೊಟ್ಟಿಗಳನ್ನು ಅವರ ಕೈಯಲ್ಲಿಟ್ಟಳು.